ಮಧ್ಯಾಹ್ನದ ಕೊರಿಯಾ

ಮಧ್ಯಾಹ್ನ ಮೂರಾಯಿತೆಂದರೆ ನನ್ನ ಬಲಗೈ ತಾನಾಗಿ ರಿಮೋಟನ್ನು ಹುಡುಕುತ್ತದೆ. ಹುಡುಕಬೇಕಾದ ಅಗತ್ಯವೇನೂ ಇಲ್ಲ. ಅದು ಸೋಫಾದ ತೋಳಿನ ಮೇಲೆ, ಬಟನುಗಳು ಮೇಲಾಗಿ, ಗೋಡೆಗೆ ನೇರವಾಗಿ ಇರಬೇಕು, ಇರುತ್ತದೆ. ಬದುಕಿನ ಹೆಚ್ಚಿನ ಭಾಗವನ್ನು ಆಸ್ಪತ್ರೆಯ ವಾರ್ಡುಗಳಲ್ಲಿ ಕಳೆದು, ಕೊನೆಗೆ ದಾದಿಯರ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು ನಾನು. ಇಟ್ಟ ವಸ್ತು ಇಟ್ಟಲ್ಲಿ ಇಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ಈಗಲೂ ಹಾಸಿಗೆಯ ಚಾದರವನ್ನು ವಾರ್ಡಿನ ಕ್ರಮದಂತೆ ಮೂಲೆ ಮಡಚಿ ಬಿಗಿಯುತ್ತೇನೆ, ಅದರ ಮೇಲೆ ಮಲಗುವವಳು ನಾನೊಬ್ಬಳೇ ಆದರೂ. ಮಳೆಗಾಲದ ನಡುವೆ ಬರುವ ನಮ್ಮ ಆಟಿ ತಿಂಗಳು ಈ ಸಲ ಕಳೆದ ಮೇಲೆ ಮಾತ್ರ ರಿಮೋಟನ್ನು ಎತ್ತಿಕೊಂಡು ಮತ್ತೆ ಇಟ್ಟಲ್ಲೇ ಇಡುತ್ತಿದ್ದೇನೆ. ಟಿ.ವಿ. ಹಾಕಿದರೆ ಕೊರಿಯಾ ಬರುತ್ತದೆ. ಕೊರಿಯಾ ಬಂದರೆ ಒಂದು ಬಾಗಿಲು ನೆನಪಾಗುತ್ತದೆ.

ಬಾಗಿಲಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಕೊರಿಯಾದವರು ಮಣಿಪಾಲದ ಈ ಫ್ಲಾಟಿಗೆ ಬಂದದ್ದು ಹೇಗೆಂದು ಹೇಳಬೇಕು. ಎದುರಿನ ಮನೆಯಲ್ಲಿ ವೈದ್ಯಕೀಯ ಓದುವ ಹುಡುಗಿಯೊಬ್ಬಳಿದ್ದಳು. ಅಂಗರಚನೆಯ ದಪ್ಪ ಪುಸ್ತಕವನ್ನು ಮುಂದೆ ತೆರೆದಿಟ್ಟು, ಅದಕ್ಕೆ ಒರಗಿಸಿದ ಮೊಬೈಲಿನಲ್ಲಿ ಕೊರಿಯನ್ ಧಾರಾವಾಹಿ ನೋಡುವುದು ಅವಳ ಅಧ್ಯಯನದ ಪದ್ಧತಿ. ಒಮ್ಮೆ ಜ್ವರ ಬಂದು ಮಲಗಿದ್ದಾಗ ಅವಳಿಗೆ ಗಂಜಿ ಮಾಡಿಕೊಟ್ಟೆ. ಅದರ ಋಣಕ್ಕೆ ಅವಳು ನನ್ನ ಟಿ.ವಿ.ಯನ್ನು ಕೊರಿಯಾಕ್ಕೆ ಜೋಡಿಸಿಕೊಟ್ಟಳು. ಓದು ಮುಗಿಸಿ ಅವಳು ಹೋದಳು, ಪಾಸ್‌ವರ್ಡ್ ಉಳಿಯಿತು.

ಮೊದಲು ನೋಡಿದ್ದು ಆಸ್ಪತ್ರೆಯ ಕಥೆ. ನೋಡಿದೆನೆಂದರೆ ತಪ್ಪಾಗುತ್ತದೆ, ತಪಾಸಣೆ ಮಾಡಿದೆ ಎನ್ನಬೇಕು. ತೀವ್ರ ನಿಗಾ ಘಟಕದಲ್ಲಿ ಮಲಗಿದ ನಾಯಕಿಯ ತುಟಿಗೆ ಲಿಪ್‌ಸ್ಟಿಕ್. ತಲೆಗೆ ಬ್ಯಾಂಡೇಜು ಉಂಟು, ಆದರೆ ಒಂದು ಕೂದಲೂ ಕತ್ತರಿಸಿಲ್ಲ. ಎಚ್ಚರವಾದ ಕೂಡಲೇ ಅವಳು ಕೈಗೆ ಚುಚ್ಚಿದ ಡ್ರಿಪ್ಪನ್ನು ಕಿತ್ತೆಸೆದು ನಾಯಕನನ್ನು ಹುಡುಕಿಕೊಂಡು ಓಡುತ್ತಾಳೆ. ನೆಲಕ್ಕೆ ಒಂದು ಹನಿ ರಕ್ತ ಬೀಳುವುದಿಲ್ಲ, ತಡೆಯಲು ಒಬ್ಬಳು ದಾದಿಯೂ ಇಲ್ಲ. ನನ್ನ ವಾರ್ಡಿನಲ್ಲಾಗಿದ್ದರೆ ಅವಳು ಬಾಗಿಲು ದಾಟುತ್ತಿರಲಿಲ್ಲ. ಇನ್ನು ಮೂಗಿನಿಂದ ಒಂದು ಗೆರೆ ರಕ್ತ ಇಳಿಯಿತೆಂದರೆ ಆ ಮನುಷ್ಯ ಕೊನೆಯ ಕಂತಿಗೆ ಇರುವುದಿಲ್ಲ ಎಂದು ತಿಳಿಯಬೇಕು. ನಾನು ಮೂಗು ಒತ್ತಿ ರಕ್ತ ನಿಲ್ಲಿಸಿ ಮನೆಗೆ ಕಳಿಸಿದ ಮಕ್ಕಳೆಲ್ಲ ಹೀಗೆ ಸತ್ತಿದ್ದರೆ ಉಡುಪಿಯ ಶಾಲೆಗಳಲ್ಲಿ ಹಾಜರಿ ಕೂಗುವ ಕೆಲಸವೇ ಇರುತ್ತಿರಲಿಲ್ಲ.

ಆದರೂ ನೋಡಿದೆ. ಒಂದು ಗುಣ ನನಗೆ ಹಿಡಿಸಿತು. ಹದಿನಾರು ಕಂತು, ಮುಗಿಯಿತು. ನಮ್ಮ ಧಾರಾವಾಹಿಗಳ ಹಾಗೆ ಸೊಸೆಗೆ ವಯಸ್ಸಾಗಿ ಅತ್ತೆಯಾದರೂ ಮುಗಿಯದ ರೋಗವಲ್ಲ ಅದು. ಚೀನಾದವರದ್ದು ಉದ್ದ, ಅರಮನೆಯ ಹೆಂಗಸರು ಒಬ್ಬರಿಗೊಬ್ಬರು ವಿಷ ಬೆರೆಸುವುದರಲ್ಲೇ ಮಳೆಗಾಲ ಕಳೆದುಹೋಗುತ್ತದೆ. ಜಪಾನಿನವರು ಏನನ್ನೂ ಹೇಳದೆ, ಎದುರುಬದುರು ಕುಳಿತು ಸಾರು ಕುಡಿದು, ರೈಲು ಹೋಗುವುದನ್ನು ನೋಡಿ ಮುಗಿಸುತ್ತಾರೆ. ಥಾಯ್ಲೆಂಡಿನ ನಾಯಕಿಯರು ಮಾತಿಗಿಂತ ಮೊದಲು ಕೆನ್ನೆಗೆ ಬಾರಿಸುತ್ತಾರೆ. ಶಿಸ್ತು ಅಂತ ಇರುವುದು ಕೊರಿಯಾದವರಲ್ಲಿಯೇ. ಎಷ್ಟನೆಯ ಕಂತಿಗೆ ಕೈ ಹಿಡಿಯಬೇಕು, ಎಷ್ಟನೆಯದಕ್ಕೆ ಅಗಲಬೇಕು ಎಂಬುದಕ್ಕೆ ಮದ್ದಿನ ಹೊತ್ತಿನಷ್ಟು ಕಟ್ಟುನಿಟ್ಟು ಉಂಟು.

ನನ್ನ ಜತೆಗೆ ನೋಡುತ್ತಿದ್ದವಳು ತಂಗಿ ಜಲಜ. ನನಗಿಂತ ತುಂಬಾ ಕಿರಿಯಳು. ತಾಯಿ ಹೋದ ಮೇಲೆ ಅವಳ ತಲೆಗೆ ಎಣ್ಣೆ ಹಾಕಿ, ಹೇನು ತೆಗೆದು ದೊಡ್ಡದು ಮಾಡಿದವಳು ನಾನು. ಕಾಪುವಿನ ಕಡಲ ಬದಿಯ ಮನೆಗೆ ಮದುವೆಯಾಗಿ ಹೋದಳು. ಬೆಳಗಾಗುವಾಗ ಮಲ್ಪೆಯ ಬಂದರದಲ್ಲಿ ಏಲಂ ಕೂಗುವಲ್ಲಿ ಅವಳಿರುತ್ತಾಳೆ. ಅಲ್ಲಿ ಕೊಂಡ ಮೀನಿನ ಬುಟ್ಟಿ ಹಿಡಿದುಕೊಂಡು ಕಾರ್ಕಳದ ಬಸ್ಸು ಹತ್ತುತ್ತಾಳೆ. ಅಲ್ಲಿಯ ಮಾರ್ಕೆಟಿನಲ್ಲಿ ಅವಳಿಗೊಂದು ಜಾಗ ಉಂಟು, ಅವಳ ಕೈಯಿಂದಲೇ ಕೊಳ್ಳುವ ಮನೆಗಳುಂಟು. ಮಾರಿ ಮುಗಿಸಿ ಹತ್ತುವ ಬಸ್ಸು ಮಣಿಪಾಲದ ಮೇಲಾಗಿಯೇ ಉಡುಪಿಗೆ ಇಳಿಯುವುದರಿಂದ ನನ್ನಲ್ಲಿ ಇಳಿದು, ಮಿಂದು, ಉಂಡು, ಸ್ವಲ್ಪ ಕಾಲು ಚಾಚಿ, ಚಾ ಕುಡಿದು ಕಾಪುವಿಗೆ ಹೋಗುವುದು ಅವಳ ದಿನಚರಿ. ಬುಟ್ಟಿ ಹಿಂಬದಿಯ ಬಾಲ್ಕನಿಯಲ್ಲಿರಬೇಕು, ಸ್ನಾನಕ್ಕೆ ಮೊದಲು ಸೋಫಾ ಮುಟ್ಟಬಾರದು ಎಂಬುದು ನನ್ನ ನಿಯಮ. ನಾನೇನು ನಿನ್ನ ಪೇಶೆಂಟಾ ಎಂದು ಗೊಣಗುತ್ತಲೇ ಪಾಲಿಸುತ್ತಾಳೆ. ಆ ಸಿಟ್ಟನ್ನು ತೀರಿಸಿಕೊಳ್ಳುವುದು ಲಿಫ್ಟಿನಲ್ಲಿ. ಯಾರಾದರೂ ಮೂಗಿಗೆ ಕರವಸ್ತ್ರ ಹಿಡಿದರೆ ಬೇಕೆಂದೇ ಬುಟ್ಟಿಯ ಮುಚ್ಚಳವನ್ನು ಒಂದಿಷ್ಟು ಸರಿಸುತ್ತಾಳೆ.

ಅವಳಿಗೆ ಇಂಗ್ಲಿಷ್ ಓದಲು ಬಾರದು. ಪರದೆಯ ಕೆಳಗೆ ಹರಿಯುವ ಇಂಗ್ಲಿಷ್ ಸಾಲುಗಳನ್ನು ನಾನು ತುಳುವಿನಲ್ಲಿ ಹೇಳುತ್ತಾ ಹೋಗಬೇಕು. ನಾವು ಮನೆಯಲ್ಲಿ ಆಡುವುದು ತುಳುವೇ. ಇಲ್ಲಿ ಕೇಳಿಸುವುದೆಲ್ಲ ನಿಮಗಾಗಿ ಮಾಡಿದ ಕನ್ನಡ. ಮೂವತ್ತಕ್ಕೂ ಹೆಚ್ಚು ವರ್ಷ ವಾರ್ಡಿನಲ್ಲಿ ವರದಿ ಒಪ್ಪಿಸಿದ ನಾಲಗೆ ನನ್ನದು. ಪ್ರೀತಿಸುತ್ತೇನೆ ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಮಳೆ ಬರುತ್ತಿದೆ. ಕೊಡೆ ಒಂದೇ ಉಂಟು. ಹೀಗೆ ಹೇಳುತ್ತಿದ್ದೆ.

“ನೀನು ಹೇಳುವಾಗ ಬಿ.ಪಿ. ಓದಿದ ಹಾಗೆ ಕೇಳ್ತದೆ ಮಾರಾಯ್ತಿ,” ಎನ್ನುತ್ತಿದ್ದಳು ಜಲಜ.

ಅವಳಿಗೂ ಅಭಿಪ್ರಾಯಗಳಿದ್ದವು. ನಾಯಕ ನಾಯಕಿಯ ಮಣಿಕಟ್ಟನ್ನು ಹಿಡಿದು ದರದರ ಎಳೆದುಕೊಂಡು ಹೋಗುವುದನ್ನು ಕಂಡರೆ, ಹೀಗೆ ಎಳೆಯುವವನ ಕೈಗೆ ಮೀನು ಕತ್ತರಿಸುವ ಕತ್ತಿ ತಾಗಿಸಬೇಕು ಎನ್ನುವಳು. ಕುಡಿದ ನಾಯಕಿಯನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತುವ ನಾಯಕನ ಮೇಲೆ ಮಾತ್ರ ಅವಳಿಗೆ ಗೌರವ. ಐಸಿನ ಪೆಟ್ಟಿಗೆ ಹೊತ್ತ ಹಾಗೆ ಹೊತ್ತಿದ್ದಾನೆ ನೋಡು, ಕೆಲಸ ಗೊತ್ತಿದ್ದವ ಎಂದು ಮೆಚ್ಚುವಳು. ಶ್ರೀಮಂತ ತಾಯಂದಿರು ಬಡ ಹುಡುಗಿಯ ಮುಖಕ್ಕೆ ಗಾಜಿನ ಲೋಟದ ನೀರೆರಚುವುದು ಅವರಲ್ಲಿ ದಿನನಿತ್ಯದ ಕ್ರಮ. ಒಂದು ಲೋಟ ನೀರಿಗೆ ಇಷ್ಟು ಅಳುವುದೆಂತಕ್ಕೆ ಎಂದು ಅವಳ ಪ್ರಶ್ನೆ. ಯಾರು ಕತೆಗೆ ಬೇಡವೋ ಅವರನ್ನು ರಸ್ತೆ ದಾಟುವಾಗ ಲಾರಿ ಬಂದು ಹೊಡೆಯುತ್ತದೆ. ಬದುಕಿ ಉಳಿದವರಿಗೆ ಹಿಂದಿನದೆಲ್ಲ ಮರೆತುಹೋಗುತ್ತದೆ. ಹೆದ್ದಾರಿಯಲ್ಲಿ ಉಪ್ಪುನೀರು ಸುರಿಸಿಕೊಂಡು ಹೋಗುವ ಮೀನಿನ ಲಾರಿಗಳು ಹೀಗೆ ಮರೆವು ತರುವುದಾದರೆ ಕಾಪುವಿನ ಅರ್ಧ ಊರಿಗೆ ತಮ್ಮ ಮನೆಬಾಗಿಲು ಗೊತ್ತಿರುತ್ತಿರಲಿಲ್ಲ ಎಂದು ನಾನು ಹೇಳಿದರೆ ಅವಳು ಚಾ ಚೆಲ್ಲುವಷ್ಟು ನಗುತ್ತಿದ್ದಳು.

ಅವಳು ಅಷ್ಟು ನಗುತ್ತಿದ್ದದ್ದು ಶೇಖರ ಇದ್ದ ಕಾಲದಲ್ಲಿ.

ಶೇಖರ ಅವಳ ಗಂಡ. ಅಗಲ ಭುಜದ, ಮೆಲ್ಲ ಮಾತಿನ ಮನುಷ್ಯ. ಕಾಪುವಿನ ಕಡಲಿನಲ್ಲಿ ಹುಟ್ಟಿದವನೆಂದರೆ ಹುಟ್ಟಿದವನೇ. ದೀಪಸ್ತಂಭದ ಬೆಳಕನ್ನೂ ತೆಂಕಿನಲ್ಲಿ ಕಾಣುವ ನಂದಿಕೂರಿನ ವಿದ್ಯುತ್ ಸ್ಥಾವರದ ಹೊಗೆಯ ಗೋಪುರವನ್ನೂ ಎರಡು ಕೈಗಳ ಹಾಗೆ ಹಿಡಿದುಕೊಂಡು ಮನೆಗೆ ಬರುತ್ತೇನೆ ಎನ್ನುತ್ತಿದ್ದ. ಅವನದೊಂದು ಚಾಳಿಯೆಂದರೆ ಉಪ್ಪು. ಬಟ್ಟಲಿನ ಅಂಚಿಗೆ ಒಂದು ಚಿಟಿಕೆ ಕಲ್ಲುಪ್ಪು ಬೇಕು. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯನ್ನೂ ಅದಕ್ಕೆ ಮುಟ್ಟಿಸಿ ತಿನ್ನಬೇಕು. ಜಲಜ ಊಟಕ್ಕೆ ಇಡುವಾಗ ಮೊದಲು ಉಪ್ಪಿನ ಭರಣಿ, ಆಮೇಲೆ ಅನ್ನ. ಅವನ ಬಿ.ಪಿ. ನೋಡಿದವಳು ನಾನೇ. ತೋಳಿನ ಪಟ್ಟಿ ಬಿಚ್ಚುವ ಮೊದಲೇ, ಉಪ್ಪು ಬಿಡಬೇಕು ಎಂದೆ. ಪ್ರತಿ ಸಲ ಬಂದಾಗಲೂ ಅದೇ ಹೇಳಿದೆ, ದನಿ ಏರಿಸಿ ಹೇಳಿದೆ. ಅವನು ನಕ್ಕು ಕೊಟ್ಟ ಉತ್ತರವೂ ಪ್ರತಿ ಸಲ ಅದೇ.

“ಸತ್ತ ಮೇಲೆ ಹೇಗೂ ಉಪ್ಪಿಲ್ಲದ್ದೇ ಉಣ್ಲಿಕ್ಕುಂಟಲ್ಲ ಅಕ್ಕ. ಈಗ ತಿನ್ಲಿಕ್ಕೆ ಬಿಡಿ.”

ಸತ್ತವರನ್ನು ನಮ್ಮಲ್ಲಿ ಕುಲೆಗಳು ಎನ್ನುತ್ತಾರೆ. ಆಟಿ ತಿಂಗಳಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಮನೆಯ ಕುಲೆಗಳಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಒಬ್ಬೊಬ್ಬರ ಹೆಸರು ಹೇಳಿ, ಅವರವರಿಗೆ ಸೇರುವುದನ್ನು ಬಡಿಸಿ, ದೀಪ ಇಟ್ಟು, ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಕೆಮ್ಮಿ, ಬರುತ್ತಿದ್ದೇವೆಂದು ತಿಳಿಸಿ, ಬಾಗಿಲು ತೆರೆಯಬೇಕು. ಬೇರೆ ಮನೆಗಳ ಕ್ರಮ ನನಗೆ ಗೊತ್ತಿಲ್ಲ. ಶೇಖರನ ಮನೆಯಲ್ಲಿ ಆ ಅಡುಗೆಗೆ ಉಪ್ಪು ಹಾಕುವುದಿಲ್ಲ. ಉಪ್ಪು ಬದುಕಿದವರದ್ದು. ಅವನು ಹೇಳುತ್ತಿದ್ದದ್ದು ಆ ಉಪ್ಪಿನ ವಿಷಯ.

ಒಂದು ಮಳೆಗಾಲದ ಸುರುವಿಗೆ ನಾಡದೋಣಿಯಲ್ಲಿ ಹೋದವರನ್ನು ಅಲೆ ಎತ್ತಿ ಹಾಕಿತು. ಉಳಿದವರು ಮಗುಚಿದ ದೋಣಿಯ ಅಂಚನ್ನು ಹಿಡಿದುಕೊಂಡು ದಡ ಸೇರಿದರು. ಶೇಖರ ಸೇರಲಿಲ್ಲ. ಕಡಲು ಕೊಂಡುಹೋದದ್ದನ್ನು ಹಿಂದಕ್ಕೆ ತಂದು ಹಾಕುತ್ತದೆ ಎಂದು ನಮ್ಮವರು ಹೇಳುತ್ತಾರೆ. ಬಲೆಯ ತುಂಡನ್ನು ತಂದು ಹಾಕಿತು. ದೋಣಿಯ ಹಲಗೆಯನ್ನು ತಂದು ಹಾಕಿತು. ಯಾರ ಮನೆಯದೋ ಪ್ಲಾಸ್ಟಿಕ್ ಕೊಡಪಾನವನ್ನೂ ತಂದು ಹಾಕಿತು. ಅವನನ್ನು ತರಲಿಲ್ಲ. ಊರವರು ದೀಪಸ್ತಂಭದಿಂದ ತೆಂಕಕ್ಕೆ, ಹೊಗೆಯ ಗೋಪುರ ತಲೆಯ ಮೇಲೆ ಬಂದಂತೆ ಕಾಣುವವರೆಗೂ ನಡೆದು ನೋಡಿದರು. ನಾನು ನನಗೆ ಗೊತ್ತಿದ್ದ ಶವಾಗಾರಗಳಿಗೆಲ್ಲ ಹೋಗಿ ಬಂದೆ. ಅಲ್ಲಿನ ಚಾದರ ಸರಿಸಿ ನೋಡುವುದು ನನಗೆ ಹೊಸದಲ್ಲ. ಆದರೆ ಪ್ರತಿ ಸಲ ಬೇರೆ ಯಾರದೋ ಮುಖ ಕಂಡು ಸಮಾಧಾನವಾಗುತ್ತಿತ್ತು. ಆ ಸಮಾಧಾನಕ್ಕೆ ನಾಚಿಕೆಯೂ ಆಗುತ್ತಿತ್ತು.

ಜಲಜ ಕೆಲವು ವಾರ ಮನೆಯಲ್ಲಿದ್ದು, ಮತ್ತೆ ಬುಟ್ಟಿ ಹಿಡಿದಳು. ಕಡಲಿನದೇ ಮೀನು, ಮಲ್ಪೆಯದೇ ಏಲಂ, ಕಾರ್ಕಳದ್ದೇ ಬಸ್ಸು. ಮೂರು ಗಂಟೆಗೆ ಬಂದು ಮಿಂದು ಸೋಫಾದಲ್ಲಿ ಕುಳಿತು, ಹಾಕು ಎಂದಳು. ಹಾಕಿದೆ.

ಈ ಧಾರಾವಾಹಿಗಳ ಸೂತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಸೇರದ್ದೊಂದು ಉಂಟು. ಯಾರಾದರೂ ನೀರಿಗೆ ಬಿದ್ದು ಹೆಣ ಸಿಗಲಿಲ್ಲವೆಂದರೆ ಅವನು ಸತ್ತಿಲ್ಲ ಎಂದೇ ಅರ್ಥ. ಎಲ್ಲೋ ದೂರದ ದ್ವೀಪದಲ್ಲಿ, ಬಲೆ ಹೆಣೆಯುವ ಮುದುಕ ಮುದುಕಿಯ ಗುಡಿಸಲಿನಲ್ಲಿ ಅವನು ಒಗೆದು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಮೀನು ಒಣಗಿಸುತ್ತಿರುತ್ತಾನೆ. ತನ್ನ ಹೆಸರು ಗೊತ್ತಿಲ್ಲ. ಕೆಲವು ವರ್ಷ ಕಳೆದು, ಹೆಂಡತಿ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದಾಗ ಅವಳ ಎದುರಿನಿಂದಲೇ ನಡೆದುಹೋಗುತ್ತಾನೆ. ಅವಳ ಕೈಯಿಂದ ಚೀಲ ಬೀಳುತ್ತದೆ. ಚೀಲದಿಂದ ಕಿತ್ತಳೆ ಹಣ್ಣುಗಳು ಉರುಳುತ್ತವೆ. ಯಾವಾಗಲೂ ಕಿತ್ತಳೆಯೇ. ಮೊದಲು ಇಂಥದು ಬಂದರೆ ನಾವಿಬ್ಬರೂ, ಹಣ್ಣು ಹೆಕ್ಕು ಮಾರಾಯ್ತಿ ಮೊದಲು ಎಂದು ಪರದೆಗೆ ಹೇಳುತ್ತಿದ್ದೆವು. ಶೇಖರ ಹೋದ ಮೇಲೆ ಆ ದೃಶ್ಯ ಬಂದರೆ ಜಲಜ ನಗುತ್ತಿರಲಿಲ್ಲ. ನಾನು ಸಾಲುಗಳನ್ನು ಓದುತ್ತಾ ಹೋಗುತ್ತಿದ್ದೆ. ನೀವು ಯಾರು ಎಂದು ಕೇಳುತ್ತಾನೆ. ಅವಳು ಏನೂ ಹೇಳುವುದಿಲ್ಲ.

ಅತ್ತ ಕಾಪುವಿನಲ್ಲಿ ಮೂರು ಮಳೆಗಾಲ ಹೋದವು. ಜಲಜ ಮಾಮಿ ಎಂದು ಕರೆಯುವ ಅವಳ ಅತ್ತೆ ಅಪ್ಪಿಯಕ್ಕ, ಶೇಖರನ ತಾಯಿ, ಎದೆಯ ಕೆಮ್ಮಿನವಳು. ದಮ್ಮು ಏರಿ ಏರಿ ಈಗ ಅಂಗಳ ದಾಟುವುದೇ ಕಷ್ಟ. ಅವಳಿಗೆ ಉಳಿದಿದ್ದದ್ದು ಒಂದೇ ಆಸೆ: ಮಗನ ಬೊಜ್ಜ ಮಾಡಿ ಮುಗಿಸಬೇಕು. ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ. ದೇಹ ಸಿಗದಿದ್ದರೆ ದರ್ಭೆಯಲ್ಲಿ ಮನುಷ್ಯಾಕಾರ ಮಾಡಿ ಸುಟ್ಟು ಮಾಡುವ ವಿಧಿ ಉಂಟು. ಬೊಜ್ಜ ಆಗದೆ ಅವನು ಕುಲೆಗಳಿಗೆ ಸೇರುವುದಿಲ್ಲ. ಸೇರದೆ ಆಟಿಯಲ್ಲಿ ಅವನಿಗೆ ಎಲೆ ಇಲ್ಲ. ಆದರೆ ಹೆಂಡತಿ ಒಪ್ಪಬೇಕು. ಜಲಜ ಒಪ್ಪುವುದಿಲ್ಲ. ಅವನ ಬಟ್ಟಲನ್ನು ತೊಳೆದು ಕವುಚಿ ಇಡುತ್ತಾಳೆ, ಪಕ್ಕದಲ್ಲಿ ಉಪ್ಪಿನ ಭರಣಿ ಇಡುತ್ತಾಳೆ. ಆಟಿಯಲ್ಲಿ ಮಾವನಿಗೆ, ಮಾವನ ತಾಯಿಗೆ, ಚಿಕ್ಕಂದಿನಲ್ಲಿ ಹೋದ ನಾದಿನಿಗೆ ಎಲೆ ಹಾಕುವಾಗ ಶೇಖರನಿಗೆ ಹಾಕುವಂತಿಲ್ಲ. ಹೀಗೆ ಅವನಿಗೆ ಅತ್ತ ಎಲೆಯೂ ಇಲ್ಲ, ಇತ್ತ ಬಟ್ಟಲಿನಲ್ಲಿ ಅನ್ನವೂ ಇಲ್ಲ.

ಈ ಸಲ ಮಳೆ ಹಿಡಿಯುವ ಮೊದಲು ನಾನು ಅಪ್ಪಿಯಕ್ಕನನ್ನು ನೋಡಲು ಹೋಗಿದ್ದೆ. ನಾಡಿ ಹಿಡಿದೆ, ಕಾಲಿನ ಊತ ಒತ್ತಿ ನೋಡಿದೆ. ಬರುವ ಆಟಿ ಕಳೆದರೆ ಇನ್ನೊಂದನ್ನು ಕಾಣುವ ದೇಹವಲ್ಲ ಅದು. ನನಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು.

“ವನಜಾ, ನನ್ನ ಎಲೆಗೆ ಮೊದಲು ಅವನ ಎಲೆ ಹಾಕ್ಬೇಕು,” ಎಂದಳು, ಎರಡು ಮಾತಿಗೊಮ್ಮೆ ಉಸಿರು ತೆಗೆದುಕೊಂಡು. “ಇಲ್ಲದಿದ್ರೆ ನಾನು ಅಲ್ಲಿ ಹೋಗಿ ಹುಡುಕಿದ್ರೆ ಅವ ಸಿಗುದಿಲ್ಲ.”

ಜಲಜಳನ್ನು ಒಪ್ಪಿಸುವ ಕೆಲಸ ನನ್ನ ಮೇಲೆ ಬಿತ್ತು. ಬಿತ್ತು ಎನ್ನುವುದಕ್ಕಿಂತ, ನಾನೇ ವಹಿಸಿಕೊಂಡೆ. ರೋಗ ಎಲ್ಲಿದೆಯೆಂದು ಗೊತ್ತಾದರೆ ಮದ್ದು ಸುಲಭ ಎಂಬ ವೃತ್ತಿಯ ಅಹಂಕಾರ ನನ್ನದು. ರೋಗ ಇರುವುದು ಕೊರಿಯಾದಲ್ಲಿ ಎಂದು ತೀರ್ಮಾನಿಸಿದೆ. ಇವಳು ದಿನಾ ಮೂರು ಗಂಟೆಗೆ ನನ್ನ ಮನೆಯಲ್ಲಿ, ನನ್ನ ಬಾಯಿಂದಲೇ, ನೀರಿಗೆ ಬಿದ್ದವರು ಹಿಂದೆ ಬರುವುದನ್ನು ಕೇಳುತ್ತಿದ್ದಾಳೆ, ಅದಕ್ಕೇ ಕಾಯುತ್ತಿದ್ದಾಳೆ. ಹಾಗಾಗಿ ಒಂದು ಮಧ್ಯಾಹ್ನ, ಅಂಥದೇ ದ್ವೀಪ, ಅಂಥದೇ ಮುದುಕ ಮುದುಕಿ ಪರದೆಗೆ ಬಂದಾಗ ಚಿತ್ರವನ್ನು ನಿಲ್ಲಿಸಿ ಪಾಠ ಸುರು ಮಾಡಿದೆ. ತಲೆಗೆ ಪೆಟ್ಟಾದರೆ ಮರೆಯುವುದು ಪೆಟ್ಟಿನ ಆಚೀಚಿನ ಹೊತ್ತನ್ನು. ಹೆಸರು, ಊರು, ಹೆಂಡತಿ ಎಲ್ಲವನ್ನೂ ಮರೆತು ಚಪ್ಪಲಿ ಹಾಕಲಿಕ್ಕೂ ಅನ್ನ ಉಣ್ಣಲಿಕ್ಕೂ ಮಾತ್ರ ನೆನಪಿಟ್ಟುಕೊಂಡವರನ್ನು ನಾನು ಯಾವ ವಾರ್ಡಿನಲ್ಲೂ ಕಂಡಿಲ್ಲ. ನೀರಿನಲ್ಲಿ ಬಿದ್ದವನ ಶ್ವಾಸಕೋಶಕ್ಕೆ ಎಂತ ಆಗುತ್ತದೆ ಎಂದೂ ಹೇಳಿದೆ. ಮೆದುಳಿಗೆ ಗಾಳಿ ಇಲ್ಲದಿದ್ದರೆ ಎಷ್ಟು ನಿಮಿಷ ಎಂದೂ ಹೇಳಿದೆ. ಅವಳು ಬೂತಾಯಿ ಮೀನಿನ ಮುಳ್ಳು ಬಿಡಿಸುತ್ತಾ ಕೇಳಿದಳು. ಉಣ್ಣುತ್ತಿರುವವರ ಎದುರು ಹೇಳುವ ವಿಷಯ ಇದಲ್ಲವೆಂದು ನನ್ನ ಕೈಕೆಳಗಿನ ದಾದಿಯರಿಗೆ ನಾನೇ ಎಷ್ಟು ಸಲ ಗದರಿಸಿದ್ದೆ.

ಮುಳ್ಳನ್ನೆಲ್ಲ ಬಟ್ಟಲಿನ ಅಂಚಿಗೆ ಜೋಡಿಸಿ ಇಟ್ಟ ಮೇಲೆ ಅವಳು ತಲೆ ಎತ್ತಿದಳು.

“ಇದನ್ನು ನಾನು ನಂಬ್ತೇನೆ ಅಂತ ಗ್ರಹಿಸಿದ್ದಿಯಾ ಅಕ್ಕ? ಕಡಲು ನಿನಗಿಂತ ನನಗೆ ಗೊತ್ತುಂಟು. ಅವರು ಅವತ್ತೇ ಹೋಗಿದ್ದಾರೆ.”

ಮತ್ತೆ ಎಂತಕ್ಕೆ ಒಪ್ಪುವುದಿಲ್ಲ ಎಂದು ಕೇಳಿದೆ.

“ಹೆಣ ಸಿಕ್ಕಿದ್ರೆ ಅವರು ಕಡಲಿನಿಂದ ಸತ್ತರು ಅಂತ ಆಗ್ತಿತ್ತು. ಈಗ ನಾನು ಹ್ಞೂಂ ಅಂದ್ರೆ, ಅವರು ನನ್ನ ಮಾತಿನಿಂದ ಸತ್ತ ಹಾಗೆ ಆಗ್ತದೆ.”

ನಾನು ಎಷ್ಟೋ ಸಾವುಗಳ ಪಕ್ಕದಲ್ಲಿ ನಿಂತಿದ್ದೇನೆ. ಕಣ್ಣು ಮುಚ್ಚಿಸಿದ್ದೇನೆ, ದವಡೆ ಕಟ್ಟಿದ್ದೇನೆ, ಕಾಲ ಹೆಬ್ಬೆರಳುಗಳನ್ನು ಜೋಡಿಸಿದ್ದೇನೆ. ಆದರೆ ಸತ್ತಿದ್ದಾರೆ ಎಂಬ ಮಾತನ್ನು ಹೇಳುವವರು ವೈದ್ಯರು. ಅವರು ಹೇಳುವವರೆಗೆ ನಾವು ಡ್ರಿಪ್ಪನ್ನೂ ತೆಗೆಯುವುದಿಲ್ಲ. ಆ ಮಾತು ಇನ್ನೊಬ್ಬರ ಬಾಯಿಂದ ಬರುತ್ತದೆ ಎಂಬ ಧೈರ್ಯದಲ್ಲಿ ನನ್ನ ಶಿಸ್ತು, ನನ್ನ ಚುರುಕು, ಚಾದರದ ಮೂಲೆ ಎಲ್ಲವೂ ನಡೆದಿತ್ತು. ಇವಳಿಗೆ ಆ ಅನುಕೂಲ ಇಲ್ಲ. ಅವನು ಸತ್ತನೆಂದು ಇವಳೇ ಹೇಳಬೇಕು. ನಾನು ರಿಮೋಟ್ ಒತ್ತಿದೆ. ಪರದೆಯಲ್ಲಿ ಕಿತ್ತಳೆ ಹಣ್ಣುಗಳು ನಿಂತಲ್ಲಿಂದ ಮತ್ತೆ ಉರುಳಿದವು.

ಆಮೇಲೆ ನಾನು ಆ ವಿಷಯ ಎತ್ತಲಿಲ್ಲ. ಮಳೆ ಹಿಡಿಯಿತು. ಬೇರೊಂದು ಧಾರಾವಾಹಿ ಸುರು ಮಾಡಿದೆವು. ನಗರದಲ್ಲಿ ಕೆಲಸ ಮಾಡುವ ಹುಡುಗಿ, ಅವಳ ಮೇಲಧಿಕಾರಿ, ಒಂದೇ ಕೊಡೆ, ಎಲ್ಲ ಇದ್ದದ್ದೇ. ನಾಲ್ಕೋ ಐದೋ ಕಂತು ಕಳೆದ ಮೇಲೆ ಆ ಹುಡುಗಿ ರಜೆಯಲ್ಲಿ ಹಳ್ಳಿಯ ಮನೆಗೆ ಹೋದಳು. ಕಥೆಗೆ ಏನೂ ಸಂಬಂಧವಿಲ್ಲದ ದೃಶ್ಯ. ತೀರಿಹೋದ ಅಜ್ಜನ ತಿಥಿಯಿರಬೇಕು. ತಗ್ಗಿನ ಮೇಜಿನ ಮೇಲೆ ಹಣ್ಣು, ತಲೆಸಹಿತ ಬೇಯಿಸಿದ ಇಡೀ ಮೀನು, ಸಾರು, ಗೋಪುರದ ಹಾಗೆ ತುಂಬಿದ ಅನ್ನದ ಬೋಗುಣಿ. ಅನ್ನದಲ್ಲಿ ಒಂದು ಚಮಚವನ್ನು ನೆಟ್ಟಗೆ ಊರಿದರು. ಎಲ್ಲರೂ ನೆಲಕ್ಕೆ ಬಾಗಿದರು. ಆಮೇಲೆ ಎದ್ದು ಒಬ್ಬೊಬ್ಬರಾಗಿ ಹೊರಗೆ ಬಂದು, ಬಾಗಿಲನ್ನು ಎಳೆದು ಮುಚ್ಚಿ, ಜಗಲಿಯಲ್ಲಿ ಸುಮ್ಮನೆ ನಿಂತರು. ಅಡಿಯಲ್ಲಿ ಸಾಲು ಬರಲಿಲ್ಲ, ನನಗೆ ಓದಲು ಏನೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಮುದುಕ ಬಾಗಿಲ ಹತ್ತಿರ ಹೋಗಿ, ಮೂರು ಸಲ ಕೆಮ್ಮಿ, ಅದನ್ನು ತೆರೆದ.

ಜಲಜ ಚಾದ ಲೋಟವನ್ನು ಕೆಳಗಿಟ್ಟಳು.

“ಅವರೂ ಬಾಗಿಲು ಹಾಕ್ತಾರೆ ಅಕ್ಕ.”

ಹೌದು ಎಂದೆ. ದೃಶ್ಯ ಬದಲಾಗಿ ಮತ್ತೆ ಮೇಲಧಿಕಾರಿ ಬಂದ. ಅವಳು ಅವನನ್ನು ನೋಡುತ್ತಿರಲಿಲ್ಲ.

“ಒಳಗೆ ಯಾರೂ ಇಲ್ಲ ಅಂತ ಅವರಿಗೆ ಗೊತ್ತುಂಟಾ?”

ಗೊತ್ತಿರಬಹುದು ಎಂದೆ.

“ಆದ್ರೂ ಕೆಮ್ಮುತ್ತಾರೆ,” ಎಂದಳು. ಯಾವ ಊರೋ ಏನೋ, ಮೀನು ತಲೆಸಹಿತ ಇಟ್ಟಿದ್ದರು ಎಂದು ತನಗೆ ತಾನೇ ಹೇಳಿಕೊಂಡಳು. ಎದ್ದು ಬಾಲ್ಕನಿಗೆ ಹೋಗಿ ಬುಟ್ಟಿ ತಂದಳು. ಸೀರೆಯ ಸೆರಗನ್ನು ಸರಿಮಾಡಿ, ಸಿಂಬಿ ಸುತ್ತಿ, ಬಾಗಿಲ ಹತ್ತಿರ ಹೋದ ಮೇಲೆ ತಿರುಗದೆ ಮಾತಾಡಿದಳು.

“ಮಾಮಿಗೆ ಫೋನು ಮಾಡಿ ಹೇಳು. ನನ್ನ ಬಾಯಿಂದ ಬೇಡ. ನೀನು ಹೇಳು.”

ಎಂತ ಹೇಳುವುದು ಎಂದು ನಾನು ಕೇಳಲಿಲ್ಲ. ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದು ಹೋದಳು. ಇಷ್ಟು ವರ್ಷ ಯಾರುಯಾರದೋ ಮಾತನ್ನು ಅವಳಿಗೆ ಓದಿ ಹೇಳಿದ್ದೆ. ಈಗ ಅವಳದನ್ನು ಹೇಳಬೇಕಿತ್ತು. ಕಾಪುವಿಗೆ ಫೋನು ಮಾಡಿದೆ. ಅಪ್ಪಿಯಕ್ಕನ ಉಸಿರು ಮೊದಲು ಕೇಳಿಸಿತು. ಜಲಜ ಒಪ್ಪಿದ್ದಾಳೆ ಎಂದೆ. ಶೇಖರ ತೀರಿಕೊಂಡಿದ್ದಾನೆ, ಬೊಜ್ಜ ಮಾಡಿಸುವ ಎಂದೆ. ನನ್ನ ದನಿ ಬಿ.ಪಿ. ಓದಿದ ಹಾಗೆಯೇ ಇತ್ತು. ಬೇರೆ ದನಿ ನನಗೆ ಬರುವುದಿಲ್ಲ. ಆ ಕಡೆಯಿಂದ ಬಹಳ ಹೊತ್ತು ಕೆಮ್ಮು ಮಾತ್ರ ಕೇಳಿತು.

ಬೊಜ್ಜದ ವಿವರ ಬೇಡ. ದರ್ಭೆಯ ಗೊಂಬೆ ಒಂದು ಮೊಳವೂ ಇರಲಿಲ್ಲ. ಅಷ್ಟು ಅಗಲ ಭುಜದವನು. ಒದ್ದೆ ಗಾಳಿಗೆ ಬೇಗ ಹತ್ತಿಕೊಳ್ಳದೆ ಎರಡು ಸಲ ಕಿಚ್ಚು ಇಡಬೇಕಾಯಿತು.

ಆಟಿ ಬಂತು. ಎಲೆ ಹಾಕುವ ದಿನ ಬೆಳಿಗ್ಗೆಯೇ ನಾನು ಕಾಪುವಿಗೆ ಹೋದೆ. ಅಡುಗೆ ತಾನೇ ಮಾಡುತ್ತೇನೆಂದು ಅಪ್ಪಿಯಕ್ಕ ಹಟ ಹಿಡಿದಿದ್ದಳಂತೆ. ಒಲೆಯ ಮುಂದೆ ಮಣೆ ಹಾಕಿ ಕೂರಿಸಿದ್ದರು, ಕೈ ಆಡಿಸುವುದಷ್ಟೇ ಅವಳ ಕೆಲಸ. ಕೋಳಿ ಸಾರು, ಕುಚ್ಚಲಕ್ಕಿ ಅನ್ನ, ಬಂಗುಡೆಯ ಪುಳಿಮುಂಚಿ. ಮೀನಿಗೆ ಮಸಾಲೆ ಹಾಕಿದವಳು ಜಲಜ. ಉಪ್ಪಿನ ಭರಣಿ ಅವಳ ಬಲಗೈಯ ಹತ್ತಿರವೇ ಇತ್ತು. ಅಭ್ಯಾಸದಿಂದ ಕೈ ಒಮ್ಮೆ ಅತ್ತ ಹೋಯಿತು, ಮುಚ್ಚಳದ ಮೇಲೆ ನಿಂತಿತು, ಹಿಂದೆ ಬಂತು. ಅದನ್ನು ಕಂಡವಳು ನಾನೊಬ್ಬಳೇ ಇರಬೇಕು. ಅವಳು ಕೈಯನ್ನು ಸೀರೆಗೆ ಒರಸಿಕೊಂಡಳು, ಮತ್ತೆ ಮತ್ತೆ ಒರಸಿಕೊಂಡಳು.

ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದರು. ಹಳಬರದ್ದೆಲ್ಲ ಆದ ಮೇಲೆ ಕೊನೆಗೊಂದು ಹೊಸ ಎಲೆ. ಹೆಸರು ಹೇಳಿ ಬಡಿಸಬೇಕು. ಅಪ್ಪಿಯಕ್ಕ ಮಗನ ಹೆಸರು ಹೇಳಿದಳು. ಊಟಕ್ಕೆ ಕರೆಯುವ ದನಿಯಲ್ಲಿ ಹೇಳಿದಳು. ದೀಪ ಇಟ್ಟು, ಬಾಗಿಲೆಳೆದು, ಜಗಲಿಗೆ ಬಂದು ನಿಂತೆವು. ಮಳೆ ಜೋರಿತ್ತು. ಕಡಲು ಕಾಣಿಸುತ್ತಿರಲಿಲ್ಲ, ಕೇಳಿಸುತ್ತಿತ್ತು.

ಆಗ ನೋಡಿದೆ. ಅಪ್ಪಿಯಕ್ಕ ಕಂಬಕ್ಕೆ ಒರಗಿ, ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಮುಖ ಕಪ್ಪಿಟ್ಟಿತ್ತು, ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದಿದ್ದವು. ನಾನು ಗಾಬರಿಯಾಗಿ, ದಮ್ಮು ಏರಿತೇ ಎಂದು ಬೆನ್ನಿಗೆ ಕೈ ಹಾಕಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ಕಣ್ಣಿನಲ್ಲೇ ಬಾಗಿಲನ್ನು ತೋರಿಸಿದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ಕೆಮ್ಮಿದರೆ ಊಟ ಮುಗಿದಂತೆ. ಕೆಮ್ಮು ಅವಳಿಗೆ ಯಾವಾಗಲೂ ಉಂಟು, ಅದನ್ನು ಹಿಡಿದುಕೊಂಡಿದ್ದಳು. ಮೂರು ವರ್ಷ ಉಣ್ಣದೆ ಇದ್ದವನು ಇನ್ನೊಂದು ತುತ್ತು ಉಣ್ಣಲಿ ಎಂದು. ಆಕ್ಸಿಜನ್ ಹಾಕಬೇಕಾದ ರೋಗಿಯನ್ನು ಎದುರಿಗಿಟ್ಟುಕೊಂಡು ನಾನು ಏನೂ ಮಾಡದೆ ನಿಂತದ್ದು ಅದೊಂದೇ ಸಲ.

ಇನ್ನು ತಡೆಯಲಾಗದೆ ಅಪ್ಪಿಯಕ್ಕ ಸೊಸೆಯ ಮುಖ ನೋಡಿದಳು. ಜಲಜ ಅತ್ತೆಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಮುಂದೆ ಹೋಗಿ ಚಿಲಕಕ್ಕೆ ಕೈ ಇಟ್ಟು, ಮೂರು ಸಲ ಕೆಮ್ಮಿದಳು. ಅವಳಿಗೆ ಕೆಮ್ಮೇನೂ ಇರಲಿಲ್ಲ. ಅವಳ ಹಿಂದೆಯೇ ಅಪ್ಪಿಯಕ್ಕನ ಎದೆಯೊಳಗಿನ ಕೆಮ್ಮೆಲ್ಲ ಒಡೆದು ಹೊರಗೆ ಬಂತು.

ಬಾಗಿಲು ತೆರೆದೆವು. ಕೊರಿಯಾದವರಾಗಿದ್ದರೆ ಇಲ್ಲಿ ಏನಾದರೂ ತೋರಿಸುತ್ತಿದ್ದರು. ಅನ್ನದಲ್ಲಿ ಬೆರಳಿನ ಗುರುತು, ಕಿಟಕಿಯಿಂದ ಬಂದ ಒಂದು ಚಿಟ್ಟೆ, ತಾನಾಗಿ ಅಲುಗಿದ ದೀಪ. ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಸಾರಿನ ಮೇಲೆ ಎಣ್ಣೆ ಕೆನೆಗಟ್ಟಿತ್ತು.

ಕುಲೆಗಳ ಎಲೆಯಲ್ಲಿರುವುದನ್ನು ಆಮೇಲೆ ಮನೆಯವರು ಉಣ್ಣಬೇಕು. ಆಗ ಉಪ್ಪು ಹಾಕಿಕೊಳ್ಳಬಹುದು, ಎಲ್ಲರೂ ಹಾಕಿಕೊಳ್ಳುತ್ತಾರೆ. ಜಲಜ ಕೊನೆಯ ಎಲೆಯ ಮುಂದೆ ಕುಳಿತಳು. ನಾನು ಭರಣಿಯನ್ನು ಅವಳ ಹತ್ತಿರ ಸರಿಸಿದೆ. ಅವಳು ಅದನ್ನು ಹಿಂದಕ್ಕೆ ದೂಡಿದಳು. ಬಂಗುಡೆಯ ಒಂದು ತುಂಡು ಮುರಿದು, ಅನ್ನಕ್ಕೆ ಕಲಸಿ, ಬಾಯಿಗಿಟ್ಟು ನಿಧಾನವಾಗಿ ಅಗಿದಳು.

“ಉಪ್ಪು ಬಿಡಿ ಅಂತ ಹೇಳ್ತಾ ಇದ್ದಿ ಅಲ್ವಾ ಅಕ್ಕ,” ಎಂದಳು. “ಬಿಟ್ಟರು ನೋಡು.”